ವೇಳಾಪಟ್ಟಿ ಮತ್ತು ವಂಶಪಟ್ಟಿ: ಮತ್ಸುಮೊಟೊ ಸೇಯ್ಚೊ ಮತ್ತು ಜಪಾನಿನ ಪತ್ತೇದಾರಿ ಕಾದಂಬರಿ

ಟೋಕಿಯೊದಿಂದ ಕ್ಯೂಶು ದ್ವೀಪದ ಹಕಾತಾಕ್ಕೆ 'ಅಸಾಕಾಝೆ' ಎಂಬ ಸ್ಲೀಪರ್ ಎಕ್ಸ್‌ಪ್ರೆಸ್ ಓಡತೊಡಗಿದ್ದು 1956ರ ನವೆಂಬರಿನಲ್ಲಿ. ಆ ರೈಲಿನ ಹೊಸತನ ಆರುವ ಮೊದಲೇ, 1957ರ ಫೆಬ್ರವರಿ ಸಂಚಿಕೆಯಿಂದ, 'ತಾಬಿ' ಎಂಬ ಪ್ರವಾಸ ಮಾಸಪತ್ರಿಕೆಯಲ್ಲಿ ಅದನ್ನೇ ನೆಚ್ಚಿಕೊಂಡ ಒಂದು ಕೊಲೆಯ ಧಾರಾವಾಹಿ ಶುರುವಾಯಿತು. ಟೋಕಿಯೊ ನಿಲ್ದಾಣದ 13ನೇ ಪ್ಲಾಟ್‌ಫಾರ್ಮಿನಲ್ಲಿ ನಿಂತವರಿಗೆ 15ನೇ ಪ್ಲಾಟ್‌ಫಾರ್ಮಿನ ಅಸಾಕಾಝೆ ರೈಲು, ನಡುವೆ ಬೇರೆ ಗಾಡಿ ಅಡ್ಡ ಬಾರದೆ ಕಾಣುವುದು ದಿನಕ್ಕೆ ನಾಲ್ಕೇ ನಿಮಿಷ: ಸಂಜೆ 5.57ರಿಂದ 6.01ರವರೆಗೆ. ಆ ನಾಲ್ಕು ನಿಮಿಷದಲ್ಲಿ ಸಚಿವಾಲಯದ ಒಬ್ಬ ಅಧಿಕಾರಿಯೂ ಹೋಟೆಲಿನ ಒಬ್ಬ ಪರಿಚಾರಿಕೆಯೂ ಜೊತೆಯಾಗಿ ರೈಲು ಹತ್ತಿದ್ದನ್ನು ಕಂಡ ಸಾಕ್ಷಿಗಳಿದ್ದಾರೆ. ಕೆಲವೇ ದಿನಗಳಲ್ಲಿ ಇಬ್ಬರ ಹೆಣಗಳೂ ಫುಕುಓಕಾ ಬಳಿಯ ಕಾಶಿಯಿ ಕಡಲತೀರದಲ್ಲಿ ಸಿಗುತ್ತವೆ. ಪ್ರೇಮಿಗಳ ಆತ್ಮಹತ್ಯೆ ಎಂದು ಎಲ್ಲರೂ ನಂಬುತ್ತಾರೆ. 'ತೆನ್ ತೊ ಸೆನ್', ಅಂದರೆ 'ಬಿಂದುಗಳು ಮತ್ತು ಗೆರೆಗಳು', ಎಂಬ ಆ ಕಾದಂಬರಿಯನ್ನು ಬರೆದ ಮತ್ಸುಮೊಟೊ ಸೇಯ್ಚೊಗೆ ಆಗ 47 ವರ್ಷ. ಜಪಾನಿನ ಸಾಹಿತ್ಯ ಚರಿತ್ರೆಗಳು ಪತ್ತೇದಾರಿ ಕಾದಂಬರಿಯ 'ಸಾಮಾಜಿಕ ಪಂಥ' ಇಲ್ಲಿಂದ ಮೊದಲಾಯಿತೆಂದು ಹೇಳುತ್ತವೆ. ಒಗಟು ಹಿಂದೆ ಸರಿದು ಸಮಾಜ ಮುಂದೆ ಬಂತು, 'ಯಾರು, ಹೇಗೆ' ಎಂಬ ಪ್ರಶ್ನೆಗಳ ಜಾಗಕ್ಕೆ 'ಏಕೆ' ಎಂಬುದು ಬಂತು ಎನ್ನುವುದು ಅವುಗಳ ವಿವರಣೆ. ಇದು ಅರ್ಧ ಸತ್ಯ. ಮತ್ಸುಮೊಟೊ ಒಗಟನ್ನು ಕೈಬಿಡಲಿಲ್ಲ. ಅದನ್ನು ಕಟ್ಟುವ ಸಾಮಗ್ರಿಯನ್ನು ಬದಲಿಸಿದ. ರೈಲ್ವೆ ವೇಳಾಪಟ್ಟಿ, ಕುಟುಂಬ ನೋಂದಣಿ ಪುಸ್ತಕ, ಊಟದ ರಸೀದಿ, ಉಪಭಾಷೆಗಳ ನಕ್ಷೆ, ಹೀಗೆ ಆಧುನಿಕ ಸರ್ಕಾರ ಮತ್ತು ಮಾರುಕಟ್ಟೆ ಬರೆದಿಡುವ ಲೆಕ್ಕಪತ್ರಗಳನ್ನೇ ಸುಳಿವಾಗಿಸಿದ. ಕೊಲೆಯ ಕಾರಣವೂ ಕೊಲೆಯ ಸುಳಿವೂ ಒಂದೇ ಕಡತದಲ್ಲಿ ಸಿಗುವಂತೆ ಮಾಡಿದ್ದು ಅವನ ನಿಜವಾದ ಸಾಧನೆ. ಆಮೇಲಿನ ಅರವತ್ತು ಎಪ್ಪತ್ತು ವರ್ಷಗಳಲ್ಲಿ ಈ ಕ್ಷೇತ್ರ ಗೆದ್ದದ್ದು, ಎಡವಿದ್ದು ಎರಡನ್ನೂ ಈ ಬೆಸುಗೆ ಎಲ್ಲಿ ಉಳಿಯಿತು, ಎಲ್ಲಿ ಬಿಟ್ಟುಹೋಯಿತು ಎಂಬುದರಿಂದಲೇ ಚೆನ್ನಾಗಿ ಅರ್ಥಮಾಡಿಕೊಳ್ಳಬಹುದು.

ಅವನಿಗಿಂತ ಮೊದಲು ಕ್ಷೇತ್ರ ಬರಿದಾಗೇನೂ ಇರಲಿಲ್ಲ. ಹಿರಾಯ್ ತಾರೊ ಎಂಬಾತ ಎಡ್ಗರ್ ಆಲನ್ ಪೋ ಹೆಸರನ್ನು ಜಪಾನಿ ಉಚ್ಚಾರಣೆಗೆ ಒಗ್ಗಿಸಿಕೊಂಡು ಎಡೊಗಾವಾ ರಾಂಪೊ ಎಂಬ ಕಾವ್ಯನಾಮದಲ್ಲಿ 1923ರಲ್ಲಿ 'ಎರಡು ಸೆನ್ನಿನ ತಾಮ್ರದ ನಾಣ್ಯ' ಎಂಬ ಕತೆ ಪ್ರಕಟಿಸಿದ. ಆಧುನಿಕ ಜಪಾನಿ ಪತ್ತೇದಾರಿ ಕಥನದ ಲೆಕ್ಕ ಸಾಮಾನ್ಯವಾಗಿ ಅಲ್ಲಿಂದಲೇ ತೊಡಗುತ್ತದೆ. ಸಂಕೇತಲಿಪಿ, ಮುಚ್ಚಿದ ಕೋಣೆ, ವಿಕೃತ ಮನಸ್ಸು, ಇವು ರಾಂಪೊನ ಲೋಕ. ಯುದ್ಧಕಾಲದ ಸರ್ಕಾರಕ್ಕೆ ಇದು ಹಿಡಿಸಲಿಲ್ಲ; ಅವನ 'ಇಮೊಮುಶಿ' ಕತೆಗೆ 1939ರಲ್ಲಿ ನಿಷೇಧ ಬಿತ್ತು. ಯುದ್ಧ ಮುಗಿದ ಮರುವರ್ಷವೇ ಯೊಕೊಮಿಝೊ ಸೇಯ್ಶಿ 'ಹೊಂಜಿನ್ ಕೊಲೆ ಪ್ರಕರಣ'ದಲ್ಲಿ ಹಳ್ಳಿಯ ಹಳೆಯ ಶ್ರೀಮಂತ ಮನೆಯ ಮುಚ್ಚಿದ ಕೋಣೆಯಲ್ಲಿ ಮದುವೆಯ ರಾತ್ರಿ ನಡೆದ ಕೊಲೆಯನ್ನು ಬರೆದ. ಪತ್ತೇದಾರಿ ಲೇಖಕರ ಸಂಘ 1948ರಲ್ಲಿ ಕೊಟ್ಟ ಮೊದಲ ಪ್ರಶಸ್ತಿ ಅದಕ್ಕೆ ಸಂದಿತು. ಅಪ್ಪಟ ಒಗಟಿನ ಈ ಧಾರೆಯನ್ನು ಜಪಾನಿಯರು 'ಹೊಂಕಾಕು' ಎಂದು ಕರೆಯುತ್ತಾರೆ. ಅಲ್ಲಿ ಸಮಾಜವೇ ಇರಲಿಲ್ಲ ಎನ್ನುವುದು ಅನ್ಯಾಯ. ಯೊಕೊಮಿಝೊನ ಹಳ್ಳಿಮನೆಗಳಲ್ಲಿ ಕುಲದ ಜಂಬವಿದೆ, ಆಸ್ತಿಯ ಜಗಳವಿದೆ, ಯುದ್ಧದಿಂದ ಮರಳಿದ ಗಂಡಸರಿದ್ದಾರೆ. ಆದರೆ ಕೊಲೆಯ ಯಂತ್ರ ಬೇರೆ, ಮನೆಯ ದುಃಖ ಬೇರೆ. ಕೋಣೆಯ ಬಾಗಿಲು ಹೇಗೆ ಮುಚ್ಚಿತು ಎಂಬುದಕ್ಕೂ ಆ ಕುಲ ಏಕೆ ಕೊಳೆಯಿತು ಎಂಬುದಕ್ಕೂ ಇರುವ ನಂಟು ಸಡಿಲ. ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಬದಲಿಸಿದರೂ ಕತೆ ನಡೆದೀತು.

ಮತ್ಸುಮೊಟೊ ಬಂದದ್ದು ಈ ಪರಂಪರೆಯ ಹೊರಗಿನಿಂದ. 1909ರಲ್ಲಿ ಹುಟ್ಟಿ, ಉತ್ತರ ಕ್ಯೂಶುವಿನ ಕೊಕುರಾ ಎಂಬ ಊರಿನ ಬಡತನದಲ್ಲಿ ಬೆಳೆದ. ಕಾಲೇಜಿರಲಿ, ಹೈಸ್ಕೂಲಿನ ಮೆಟ್ಟಿಲನ್ನೂ ಹತ್ತಲಿಲ್ಲ. ಒಂದು ವಿದ್ಯುತ್ ಕಂಪನಿಯ ಕಚೇರಿಯಲ್ಲಿ ಚಹಾ ಕೊಟ್ಟು ಕಾಗದ ಸಾಗಿಸುವ ಹುಡುಗನಾಗಿದ್ದ. ಆಮೇಲೆ ಮುದ್ರಣಾಲಯದಲ್ಲಿ ಲಿಥೋ ಕೆಲಸ ಕಲಿತ. ಎಡಪಂಥೀಯ ಪತ್ರಿಕೆಗಳನ್ನು ಓದುತ್ತಿದ್ದವರ ಒಡನಾಟಕ್ಕಾಗಿ 1929ರಲ್ಲಿ ಪೊಲೀಸರ ವಶದಲ್ಲಿದ್ದು ಬಂದ. ಅಸಾಹಿ ಪತ್ರಿಕೆಯ ಕ್ಯೂಶು ಕಚೇರಿಯಲ್ಲಿ ಜಾಹೀರಾತು ವಿನ್ಯಾಸ ಮಾಡಿದ, ಸೈನಿಕನಾಗಿ ಕೊರಿಯಾಕ್ಕೆ ಹೋದ, ಯುದ್ಧದ ನಂತರ ಸಂಸಾರ ಸಾಕಲು ಪೊರಕೆ ಮಾರಿಕೊಂಡು ಊರೂರು ತಿರುಗಿದ. ಅವನು ವೇಳಾಪಟ್ಟಿಯನ್ನು ಅಷ್ಟು ಚೆನ್ನಾಗಿ ಓದಬಲ್ಲವನಾದದ್ದು ಈ ಪೊರಕೆ ವ್ಯಾಪಾರದಿಂದ ಎಂದು ಹೇಳುವ ಆಸೆ ಯಾರಿಗಾದರೂ ಬಂದೀತು. ಬದುಕಿನಿಂದ ಬರವಣಿಗೆಗೆ ಹಾಗೆ ನೇರ ದಾರಿ ಹಾಕುವುದು ಅಪಾಯದ ಕೆಲಸ. ಖಚಿತವಾಗಿ ಹೇಳಬಹುದಾದದ್ದು ಇಷ್ಟು: ಕಚೇರಿಯ ಕಾಗದಪತ್ರ ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ ಎಂಬುದನ್ನು ಅವನು ಕೆಳಗಿನಿಂದ ಕಂಡಿದ್ದ. 1950ರಲ್ಲಿ ಸಾಪ್ತಾಹಿಕವೊಂದರ ಸ್ಪರ್ಧೆಗೆ ಕಳಿಸಿ ಬಹುಮಾನ ಪಡೆದ ಅವನ ಮೊದಲ ಕತೆಯ ವಸ್ತುವೂ ಕಾಗದವೇ. 1877ರ ಬಂಡಾಯದಲ್ಲಿ ಸಾಯ್ಗೊ ತಕಾಮೊರಿಯ ಪಡೆ ಹೊರಡಿಸಿ, ಸೋಲಿನ ನಂತರ ಬೆಲೆಯಿಲ್ಲದಂತಾದ ನೋಟುಗಳ ಕತೆ ಅದು.

ಅವನಿಗೆ ಅಕುತಾಗಾವಾ ಪ್ರಶಸ್ತಿ ತಂದ 'ಕೊಕುರಾ ದಿನಚರಿಯ ಕತೆ'ಯನ್ನು ಪತ್ತೇದಾರಿ ಸಾಹಿತ್ಯದ ಚರ್ಚೆಯಲ್ಲಿ ಯಾರೂ ಹೆಚ್ಚಾಗಿ ತರುವುದಿಲ್ಲ. ಅದರಲ್ಲಿ ಅಪರಾಧವಿಲ್ಲ ಎಂಬುದು ಕಾರಣ. ಆದರೆ ಅವನ ಮುಂದಿನ ಎಲ್ಲದರ ಬೀಜ ಅಲ್ಲಿದೆ. ಹೆಸರಾಂತ ಲೇಖಕ ಮೋರಿ ಓಗಾಯ್ ಸೇನಾ ವೈದ್ಯನಾಗಿ 1899ರಿಂದ 1902ರವರೆಗೆ ಕೊಕುರಾದಲ್ಲಿದ್ದ. ಆ ವರ್ಷಗಳ ಅವನ ದಿನಚರಿ ಕಳೆದುಹೋಗಿತ್ತು. ಅಂಗವಿಕಲನಾದ ಒಬ್ಬ ಬಡ ಯುವಕ, ತಾಯಿಯ ನೆರವಿನಿಂದ, ಓಗಾಯ್‌ನನ್ನು ಕಂಡಿದ್ದ ಮುದುಕರನ್ನು ಒಬ್ಬೊಬ್ಬರಾಗಿ ಹುಡುಕಿ ಆ ಮೂರು ವರ್ಷಗಳನ್ನು ಮತ್ತೆ ಕಟ್ಟಲು ಹೊರಡುತ್ತಾನೆ. ಕೆಲಸ ಮುಗಿಯುವ ಮೊದಲೇ ಸಾಯುತ್ತಾನೆ. ಅವನು ಸತ್ತ ಮೇಲೆ ಮೂಲ ದಿನಚರಿಯೇ ಪತ್ತೆಯಾಗುತ್ತದೆ. ಸಾಕ್ಷಿಗಳ ವಿಚಾರಣೆ, ಸುಳಿವಿನ ಬೆನ್ನು ಹತ್ತುವಿಕೆ, ಸುಸ್ತಾಗಿಸುವ ಪ್ರಯಾಣ, ಕೊನೆಗೆ ಎಲ್ಲವನ್ನೂ ತಲೆಕೆಳಗು ಮಾಡುವ ಒಂದು ದಾಖಲೆ: ತನಿಖೆಯ ಅಂಗಾಂಗಗಳೆಲ್ಲ ಇಲ್ಲಿವೆ. ಕತೆಯನ್ನು ಮೊದಲು ಜನಪ್ರಿಯ ಸಾಹಿತ್ಯಕ್ಕೆ ಮೀಸಲಾದ ನಾಒಕಿ ಪ್ರಶಸ್ತಿಗೆ ಪರಿಗಣಿಸಿ, ಆಮೇಲೆ 'ಶುದ್ಧ' ಸಾಹಿತ್ಯದ ಅಕುತಾಗಾವಾಕ್ಕೆ ದಾಟಿಸಿ, 1953ರ ಜನವರಿಯಲ್ಲಿ ಬಹುಮಾನ ಘೋಷಿಸಿದರು. ಇವನು ಯಾವ ಬೇಲಿಯ ಯಾವ ಬದಿಯವನು ಎಂಬ ಗೊಂದಲ ಆ ದಿನವೇ ಹುಟ್ಟಿ ಅವನ ಜೀವಮಾನವಿಡೀ ಉಳಿಯಿತು. ಅದೇ ವರ್ಷ ಅವನು ಟೋಕಿಯೊಗೆ ಬಂದ, 1956ರಲ್ಲಿ ಪತ್ರಿಕೆಯ ಕೆಲಸ ಬಿಟ್ಟ, 1957ರಲ್ಲಿ 'ಕಾಓ' (ಮುಖ) ಕಥಾಸಂಕಲನಕ್ಕೆ ಪತ್ತೇದಾರಿ ಲೇಖಕರ ಸಂಘದ ಪ್ರಶಸ್ತಿಯನ್ನೂ ಪಡೆದ.

'ಬಿಂದುಗಳು ಮತ್ತು ಗೆರೆಗಳು' ಕೃತಿಯಲ್ಲಿ ಕಾರಣ ಮತ್ತು ಸುಳಿವಿನ ಬೆಸುಗೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನೋಡಬೇಕು. (ಗುಟ್ಟು ಬಿಟ್ಟುಕೊಡದೆ ಇದನ್ನು ವಿವರಿಸಲಾಗದು; ಓದಬೇಕೆಂದಿರುವವರು ಈ ಪ್ಯಾರಾ ದಾಟಬಹುದು.) ಸತ್ತ ಅಧಿಕಾರಿಯ ಜೇಬಿನಲ್ಲಿ ರೈಲಿನ ಊಟದ ಬೋಗಿಯ ರಸೀದಿ ಸಿಗುತ್ತದೆ. ಅದರಲ್ಲಿ ಬರೆದದ್ದು ಒಬ್ಬರ ಊಟಕ್ಕೆ ಮಾತ್ರ. ಜೊತೆಗೆ ಸಾಯಲು ಹೊರಟ ಹೆಣ್ಣು ಜೊತೆಯಲ್ಲಿ ಕೂತು ಉಣ್ಣದೆ ಇದ್ದಾಳೆಯೇ ಎಂಬುದು ಫುಕುಓಕಾದ ವಯಸ್ಸಾದ ಪೊಲೀಸ್ ಪೇದೆ ತೊರಿಗಾಯ್‌ಗೆ ಬರುವ ಸಂಶಯ. ಸತ್ತವನು ಲಂಚ ಹಗರಣವೊಂದರಲ್ಲಿ ಸಿಕ್ಕಿಬಿದ್ದಿದ್ದ ಕೆಳಹಂತದ ಅಧಿಕಾರಿ. ಅವನ ಸಾವಿನಿಂದ ಮೇಲಿನವರಿಗೆ ಅನುಕೂಲ. ಶಂಕಿತನಾದ ಯಂತ್ರಸಾಮಗ್ರಿ ವ್ಯಾಪಾರಿ ಆ ಹೊತ್ತಿಗೆ ತಾನು ದೇಶದ ಇನ್ನೊಂದು ತುದಿಯ ಹೊಕ್ಕೈಡೊದಲ್ಲಿದ್ದೆನೆಂದು ರೈಲು, ಹಡಗುಗಳ ದಾಖಲೆ ತೋರಿಸುತ್ತಾನೆ. ಅವನ ಕ್ಷಯಪೀಡಿತ ಹೆಂಡತಿ ಕಾಮಾಕುರಾದ ಮನೆಯಲ್ಲಿ ಮಲಗಿ ವೇಳಾಪಟ್ಟಿಯನ್ನು ಕಾವ್ಯದಂತೆ ಓದುವವಳು. ವೇಳಾಪಟ್ಟಿ ಇಲ್ಲಿ ಬರೀ ಅಲಿಬಿಯ ಸಲಕರಣೆಯಾಗಿ ಬಂದಿಲ್ಲ. ಯುದ್ಧಾನಂತರದ ಜಪಾನ್ ತನ್ನ ಬಗ್ಗೆ ಹೆಮ್ಮೆಪಟ್ಟ ವಸ್ತುವೇ ರೈಲಿನ ಸಮಯಪಾಲನೆ. ಆ ನಿಖರತೆಯನ್ನೇ ನಂಬಿ ಕೊಲೆಗಾರ ಸಾಕ್ಷಿಗಳನ್ನು ತಯಾರಿಸುತ್ತಾನೆ. ಸಚಿವಾಲಯ ಮತ್ತು ಗುತ್ತಿಗೆದಾರರ ನಂಟು ನಡೆಯುವುದೂ ಅಂಥದೇ ನಿಯಮಬದ್ಧ ಓಡಾಟದಲ್ಲಿ. ಕೊನೆಗೆ ಕೊಲೆಯ ಗಂಟು ಬಿಚ್ಚುತ್ತದೆ, ಆದರೆ ಮೇಲಧಿಕಾರಿ ಬೇರೆ ಇಲಾಖೆಗೆ ಹೋಗಿ ಸುಖವಾಗಿರುತ್ತಾನೆ. ಈ ಕಾದಂಬರಿಯ ಮೇಲೆ ಹಳೆಯದೊಂದು ಆಕ್ಷೇಪವಿದೆ: ಶಂಕಿತ ವಿಮಾನದಲ್ಲಿ ಹೋಗಿರಬಹುದು ಎಂಬ ಸರಳ ಸಾಧ್ಯತೆ ಪೊಲೀಸರಿಗೆ ಅಷ್ಟು ತಡವಾಗಿ ಹೊಳೆಯುವುದು ನಂಬಲಾಗದ ಮಾತು. ಒಗಟಿನ ದೃಷ್ಟಿಯಿಂದ ಆಕ್ಷೇಪ ಸರಿಯೇ. ಆದರೆ 1957ರಲ್ಲಿ ವಿಮಾನವೆಂದರೆ ಪೊಲೀಸ್ ಪೇದೆಯ ಸಂಬಳದ ಕಲ್ಪನೆಗೆ ಎಟುಕದ ವಾಹನ. ಓದುಗರೂ ಆ ಪೇದೆಯ ಜೊತೆಗೆ ರೈಲಿನಲ್ಲೇ ಯೋಚಿಸುತ್ತಿದ್ದರು. ಕೊಲೆಗಾರ ಬಚ್ಚಿಟ್ಟುಕೊಂಡದ್ದು ವರ್ಗಭೇದದ ಹಿಂದೆ ಎನ್ನುವಷ್ಟು ದೂರ ನಾನು ಹೋಗಲಾರೆ, ಆದರೆ ಆ ಕುರುಡು ಅಕಾರಣವಾಗಿ ಬಂದದ್ದಲ್ಲ.

'ಶೂನ್ಯ ಬಿಂದು' ಎನ್ನಬಹುದಾದ 'ಝೆರೊ ನೊ ಶೋತೆನ್' (1959) ಮದುವೆಯಾದ ಹೊಸತರಲ್ಲೇ ಕನಾಝಾವಾದಲ್ಲಿ ಕಾಣೆಯಾದ ಗಂಡನನ್ನು ಹುಡುಕಿ ಹೊರಡುವ ತೆಯ್ಕೊ ಎಂಬ ಹೆಣ್ಣಿನ ಕತೆ. ಅಮೆರಿಕನ್ ಸೇನೆ ಜಪಾನಿನಲ್ಲಿ ಬೀಡುಬಿಟ್ಟ ವರ್ಷಗಳಲ್ಲಿ ಹೊಟ್ಟೆಪಾಡಿಗಾಗಿ ಸೈನಿಕರ ಸಂಗ ಮಾಡಬೇಕಾಗಿ ಬಂದ ಹೆಂಗಸರು, ಹತ್ತು ವರ್ಷದ ನಂತರ ಮರ್ಯಾದಸ್ಥ ಜೀವನ ಕಟ್ಟಿಕೊಂಡಾಗ ಹಳೆಯದು ಹೊರಬೀಳುವ ಭಯವೇ ಅಲ್ಲಿ ಕೊಲೆಯ ಕಾರಣ. 1960-61ರಲ್ಲಿ ಯೊಮಿಉರಿ ಪತ್ರಿಕೆಯ ಸಂಜೆ ಆವೃತ್ತಿಯಲ್ಲಿ ಬಂದ 'ಸುನಾ ನೊ ಉತ್ಸುವಾ' (ಮರಳಿನ ಪಾತ್ರೆ) ಇನ್ನೂ ಆಳಕ್ಕೆ ಇಳಿಯುತ್ತದೆ. ಟೋಕಿಯೊದ ಕಾಮಾತಾ ರೈಲು ಯಾರ್ಡಿನಲ್ಲಿ ಹೆಣ ಸಿಗುತ್ತದೆ. ಸತ್ತವನು ಬಾರೊಂದರಲ್ಲಿ ಈಶಾನ್ಯದ ತೊಹೊಕು ಉಚ್ಚಾರಣೆಯಲ್ಲಿ ಮಾತಾಡಿದ್ದನಂತೆ; 'ಕಾಮೆದಾ' ಎಂಬ ಪದ ಕೇಳಿಸಿತ್ತಂತೆ. ಪತ್ತೇದಾರ ಇಮಾನಿಶಿ ಈಶಾನ್ಯಕ್ಕೆ ಹೋಗಿ ಬರಿಗೈಯಲ್ಲಿ ಮರಳುತ್ತಾನೆ. ದೇಶದ ಪಶ್ಚಿಮದ ಇಝುಮೊ ಪ್ರದೇಶದಲ್ಲೂ ಅದೇ ಬಗೆಯ ಉಚ್ಚಾರಣೆಯಿದೆ ಎಂದು ಭಾಷಾತಜ್ಞರಿಂದ ತಿಳಿದ ಮೇಲೆಯೇ ದಾರಿ ತೆರೆಯುವುದು. ಕೊಲೆಗಾರ ಹೆಸರುವಾಸಿ ಯುವ ಸಂಗೀತಗಾರ. ಅವನ ತಂದೆ ಕುಷ್ಠರೋಗಿ. ರೋಗಿಗಳನ್ನು ಕಡ್ಡಾಯವಾಗಿ ಪ್ರತ್ಯೇಕಿಸುವ 1931ರ ಕಾನೂನಿನ ಕಾಲದಲ್ಲಿ ತಂದೆ-ಮಗ ಊರೂರು ಅಲೆದವರು. ಜಪಾನಿನಲ್ಲಿ ಹುಟ್ಟು, ಮದುವೆ, ಸಾವು ಎಲ್ಲವೂ 'ಕೊಸೆಕಿ' ಎಂಬ ಕುಟುಂಬ ನೋಂದಣಿಯಲ್ಲಿ ದಾಖಲಾಗುತ್ತವೆ. ಅದರಿಂದ ತಪ್ಪಿಸಿಕೊಂಡು ಹೊಸ ಮನುಷ್ಯನಾಗುವುದು ಹೆಚ್ಚುಕಡಿಮೆ ಅಸಾಧ್ಯ. ಆದರೆ ಒಸಾಕಾದ ಮೇಲೆ ಬಿದ್ದ ಬಾಂಬುಗಳಲ್ಲಿ ನೋಂದಣಿ ಕಚೇರಿಯೇ ಸುಟ್ಟುಹೋಗಿ, ಜನ ಹೇಳಿದ್ದನ್ನೇ ಬರೆದುಕೊಂಡು ಹೊಸ ಪುಸ್ತಕ ಮಾಡಿದ್ದರು. ಆ ಬಿರುಕಿನಲ್ಲಿ ಹುಡುಗ ಇನ್ನೊಂದು ಕುಟುಂಬದ ಮಗನಾಗಿ ಮರುಹುಟ್ಟು ಪಡೆದ. ಕೊಲೆಯ ಕಾರಣ ಇರುವುದೂ ನೋಂದಣಿ ಪುಸ್ತಕದಲ್ಲಿ, ಸುಳಿವು ಸಿಗುವುದೂ ಅಲ್ಲೇ. ಕುಷ್ಠರೋಗ ಕಾನೂನು ರದ್ದಾದದ್ದು 1996ರಲ್ಲಿ, ಪ್ರತ್ಯೇಕೀಕರಣ ಅಸಂವಿಧಾನಿಕ ಎಂದು ಕುಮಾಮೊತೊ ನ್ಯಾಯಾಲಯ ಹೇಳಿದ್ದು 2001ರಲ್ಲಿ ಎಂಬುದನ್ನು ನೆನೆದರೆ 1960ರ ಪತ್ರಿಕೆ ಓದುಗರ ಮುಂದೆ ಇದನ್ನಿಟ್ಟ ಧೈರ್ಯ ಸಣ್ಣದಲ್ಲ. ಇದೇ ಕಾದಂಬರಿಯಲ್ಲಿ ಮತ್ಸುಮೊಟೊ ಎಡವಿದ್ದನ್ನೂ ಹೇಳಲೇಬೇಕು. ಶ್ರವಣಾತೀತ ತರಂಗಗಳಿಂದ ಕೊಲ್ಲುವ ಒಂದು ಉಪಾಯ ಅದರಲ್ಲಿ ಬರುತ್ತದೆ. ಅದಕ್ಕೂ ಕತೆಯ ನೋವಿಗೂ ಸಂಬಂಧವೇ ಇಲ್ಲ. ನೊಮುರಾ ಯೊಶಿತಾರೊ 1974ರಲ್ಲಿ ಮಾಡಿದ ಚಲನಚಿತ್ರ ತಂದೆ-ಮಗನ ಅಲೆದಾಟವನ್ನೇ ಹೃದಯವಾಗಿ ಮಾಡಿಕೊಂಡು, ಜನ ಇಂದಿಗೂ ನೆನೆಯುವ ಕೃತಿಯಾಯಿತು.

ಸಾಮಾಜಿಕ ಪಂಥದ ಬೆಳವಣಿಗೆಯ ವೇಗವೇ ಒಂದು ಕಾಯಿಲೆಯಾಗಿಯೂ ಕಾಡಿತು. 1956ರ ನಂತರ ಪ್ರಕಾಶನ ಸಂಸ್ಥೆಗಳ ವಾರಪತ್ರಿಕೆಗಳು ಒಂದರ ಹಿಂದೊಂದು ಹುಟ್ಟಿದವು. ಕಚೇರಿಗೆ ರೈಲಿನಲ್ಲಿ ಓಡಾಡುವ ಸಂಬಳದಾರರೇ ಅವುಗಳ ಓದುಗರು. ಎಲ್ಲ ಪತ್ರಿಕೆಗಳಿಗೂ ಮತ್ಸುಮೊಟೊ ಬೇಕು. ಏಕಕಾಲಕ್ಕೆ ಹಲವು ಧಾರಾವಾಹಿ ಬರೆಯುತ್ತಿದ್ದ ಅವನ ಕೃತಿಗಳಲ್ಲಿ ಜೊಳ್ಳೂ ಸಾಕಷ್ಟಿದೆ. ಅನುಕರಣೆಕಾರರಂತೂ ಲಂಚ, ಹಗರಣ, ಬಾರಿನ ಹೆಣ್ಣು, ಬೆವರುವ ಪತ್ತೇದಾರ ಇಷ್ಟನ್ನು ಎತ್ತಿಕೊಂಡು ಒಗಟಿನ ಕಟ್ಟಡವನ್ನು ಬಿಟ್ಟುಬಿಟ್ಟರು. 1960ರ 'ಜಪಾನಿನ ಕಪ್ಪು ಮಂಜು' ಲೇಖನಮಾಲೆಯಲ್ಲಿ ಅವನು ಕಾದಂಬರಿಯನ್ನೇ ಬದಿಗಿಟ್ಟು, ರಾಷ್ಟ್ರೀಯ ರೈಲ್ವೆಯ ಅಧ್ಯಕ್ಷ ಶಿಮೊಯಾಮಾ 1949ರಲ್ಲಿ ಹಳಿಯ ಮೇಲೆ ಹೆಣವಾಗಿ ಸಿಕ್ಕಂಥ ಪ್ರಕರಣಗಳ ತನಿಖೆಗೆ ಇಳಿದ. ಅಮೆರಿಕನ್ ಆಡಳಿತದ ಗುಪ್ತಚರರ ಕೈವಾಡವನ್ನು ಅವುಗಳ ಹಿಂದೆ ಕಂಡ. ಕಾದಂಬರಿಕಾರ ಓಒಕಾ ಶೋಹೆಯ್ ಇದನ್ನು ಕಟುವಾಗಿ ಟೀಕಿಸಿದ: ತೀರ್ಮಾನ ಮೊದಲೇ ಆಗಿದೆ, ಸಾಕ್ಷ್ಯಗಳನ್ನು ಅದಕ್ಕೆ ಹೊಂದಿಸಲಾಗಿದೆ ಎಂಬುದು ಅವನ ಟೀಕೆಯ ತಿರುಳು. ಓಒಕಾನ ಮಾತಿನಲ್ಲಿ ಹುರುಳಿದೆ. ಕಾದಂಬರಿಯಲ್ಲಿ ಎಲ್ಲ ಗೆರೆಗಳೂ ಒಂದೇ ಬಿಂದುವಿಗೆ ಸೇರಬೇಕು. ಚರಿತ್ರೆಗೆ ಆ ಕಟ್ಟುಪಾಡಿಲ್ಲ. ಇನ್ನೊಬ್ಬ ಕಾದಂಬರಿಕಾರ ಮಿಶಿಮಾ ಯುಕಿಯೊ ಕಡೆಯಿಂದ ಬಂದ ವಿರೋಧ ಬೇರೆ ಬಗೆಯದು. ಅರವತ್ತರ ದಶಕದಲ್ಲಿ ಚೂಓಕೊರಾನ್ ಪ್ರಕಾಶನದ 'ಜಪಾನಿನ ಸಾಹಿತ್ಯ' ಮಾಲೆಯ ಸಂಪಾದಕರಲ್ಲೊಬ್ಬನಾಗಿ ಅವನು ಮತ್ಸುಮೊಟೊನನ್ನು ಸೇರಿಸಕೂಡದೆಂದು ಪಟ್ಟುಹಿಡಿದ. ಅದರಲ್ಲಿ ಗದ್ಯಶೈಲಿಯ ಅಭಿರುಚಿ ಎಷ್ಟು, ಬೇಲಿ ಕಾಯುವ ಹಟ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಒಗಟಿನ ಪಕ್ಷದವರದು. ಮತ್ಸುಮೊಟೊನ ಜನಪ್ರಿಯತೆಯಿಂದಾಗಿ ಇಪ್ಪತ್ತು ವರ್ಷ ಹೊಂಕಾಕು ಬರೆಯುವವರಿಗೆ ಜಾಗವೇ ಇಲ್ಲದಾಯಿತು, ಪ್ರಕಾಶಕರು ಬಾಗಿಲು ಹಾಕಿದರು ಎಂಬುದು ಅವರ ದೂರು. ಯೊಕೊಮಿಝೊ ಅರವತ್ತರ ದಶಕದಲ್ಲಿ ಹೆಚ್ಚುಕಡಿಮೆ ಮೌನವಾದದ್ದು ನಿಜ. ಪತ್ತೇದಾರಿ ಕಥನವನ್ನು ದೆವ್ವದ ಮನೆಯ ಆಟದಿಂದ ಹೊರತರಬೇಕು ಎಂಬರ್ಥದಲ್ಲಿ ಮತ್ಸುಮೊಟೊನೇ ಬರೆದಿದ್ದ. ಕೊಲೆಯ ಉದ್ದೇಶಕ್ಕೆ ಒತ್ತು ಕೊಟ್ಟರೆ ಪಾತ್ರಕ್ಕೂ ಜೀವ ಬರುತ್ತದೆ ಎಂಬುದು ಅವನ ವಾದ. ಆದರೆ ಒಗಟಿನ ಧಾರೆ ಬತ್ತಿರಲಿಲ್ಲ. ಮತ್ಸುಮೊಟೊನಿಗಿಂತ ಮೊದಲೇ, 1956ರಲ್ಲಿ, ಅಯುಕಾವಾ ತೆತ್ಸುಯಾ 'ಕಪ್ಪು ಟ್ರಂಕು' ಕಾದಂಬರಿಯಲ್ಲಿ ರೈಲಿನ ವೇಳಾಪಟ್ಟಿಯ ಅಲಿಬಿಯನ್ನು ಕಟ್ಟಿದ್ದ; 1960ರಲ್ಲಿ ಸಂಘದ ಪ್ರಶಸ್ತಿಯೂ ಅವನಿಗೆ ಬಂತು. ವೇಳಾಪಟ್ಟಿ ಮತ್ಸುಮೊಟೊನ ಸಂಶೋಧನೆಯಲ್ಲ, ಅದಕ್ಕೆ ಸಚಿವಾಲಯವನ್ನು ಜೋಡಿಸಿದ್ದು ಅವನು. ಇನ್ನೂ ಮುಖ್ಯವಾದದ್ದು, ಹಗರಣಗಳ ಕಾದಂಬರಿಗಳು ಹೆಚ್ಚಿ ಒಗಟು ಸೊರಗಿದ್ದನ್ನು ಕಂಡು ಬೇಸತ್ತವರಲ್ಲಿ ಅವನೂ ಒಬ್ಬ. 1966ರಲ್ಲಿ ಯೊಮಿಉರಿ ಸಂಸ್ಥೆ ಹೊರತಂದ 'ನವ ಹೊಂಕಾಕು' ಕಾದಂಬರಿ ಮಾಲೆಯ ಮೇಲ್ವಿಚಾರಣೆಯನ್ನು ಅವನೇ ವಹಿಸಿಕೊಂಡು, ಮೂಲ ಒಗಟಿಗೆ ಮರಳಬೇಕೆಂದು ಕರೆಕೊಟ್ಟ. ಒಗಟಿನ ಶತ್ರುವೆಂದು ಹೆಸರಾದವನಿಂದ ಬಂದ ಈ ಕರೆಯನ್ನು ಆ ಕಾಲದ ಚರಿತ್ರೆ ಬರೆಯುವವರು ಅಡಿಟಿಪ್ಪಣಿಗೆ ತಳ್ಳುತ್ತಾರೆ.

ಪ್ರತಿಕ್ರಿಯೆ ಎಪ್ಪತ್ತರ ದಶಕದಲ್ಲಿ ಬಂತು. ಕಾದೊಕಾವಾ ಪ್ರಕಾಶನ ಯೊಕೊಮಿಝೊನನ್ನು ಅಗ್ಗದ ಆವೃತ್ತಿಗಳಲ್ಲಿ ತಂದು, 1976ರಲ್ಲಿ 'ಇನುಗಾಮಿ' ಚಲನಚಿತ್ರವನ್ನೂ ಮಾಡಿ ಮುದುಕನಿಗೆ ಎರಡನೆಯ ಯೌವನ ಕೊಟ್ಟಿತು. 1981ರಲ್ಲಿ ಶಿಮಾದಾ ಸೋಜಿಯ 'ಟೋಕಿಯೊ ರಾಶಿಚಕ್ರ ಕೊಲೆಗಳು' ಬಂತು. 1987ರಲ್ಲಿ ಅಯಾತ್ಸುಜಿ ಯುಕಿತೊನ 'ದಶಕೋನ ಮನೆಯ ಕೊಲೆಗಳು' ಪ್ರಕಟವಾದಾಗ ಬಂಡಾಯದ ಬಾವುಟವೇ ಹಾರಿತು. ಲಂಚದ ಕತೆ, ಚಪ್ಪಲಿ ಸವೆಸುವ ಪೊಲೀಸ್ ತಮಗೆ ಸಾಕಾಗಿದೆ ಎಂದು ಅದರ ವಿದ್ಯಾರ್ಥಿ ಪಾತ್ರವೊಂದು ಆರಂಭದಲ್ಲೇ ಸಾರುತ್ತದೆ. ದ್ವೀಪ, ವಿಚಿತ್ರ ವಾಸ್ತುವಿನ ಮನೆ, ಪಾಶ್ಚಾತ್ಯ ಪತ್ತೇದಾರಿ ಲೇಖಕರ ಹೆಸರುಗಳಿಂದ ಪರಸ್ಪರ ಕರೆದುಕೊಳ್ಳುವ ಹುಡುಗರು: ಎಲ್ಲವೂ ಕೃತಕ, ಬೇಕೆಂದೇ ಕೃತಕ. ಆ ಜಾಣ್ಮೆಗೆ ತಲೆದೂಗಬೇಕು. ಆದರೂ ಆ ಬಂಡಾಯ ಎದುರಿಸಿದ್ದು ಅನುಕರಣೆಕಾರರನ್ನು. 'ಮರಳಿನ ಪಾತ್ರೆ'ಯನ್ನು ಅದು ಮುಟ್ಟಲೇ ಇಲ್ಲ.

ಮುಟ್ಟಿದವರು, ಅಂದರೆ ಅದನ್ನು ಮುಂದಕ್ಕೊಯ್ದವರು, ತೊಂಬತ್ತರ ದಶಕದ ಹೆಂಗಸರು. ಮಿಯಾಬೆ ಮಿಯುಕಿಯ 'ಕಾಶಾ' (1992) ಮದುವೆ ನಿಶ್ಚಯವಾದ ಹೆಣ್ಣೊಬ್ಬಳು ಇದ್ದಕ್ಕಿದ್ದಂತೆ ಕಾಣೆಯಾಗುವಲ್ಲಿ ತೊಡಗುತ್ತದೆ. ರಜೆಯಲ್ಲಿರುವ ಪತ್ತೇದಾರ ಹುಡುಕುತ್ತಾ ಹೋದಂತೆ ಆ ಹೆಸರಿನ ಹೆಣ್ಣೇ ಬೇರೆ ಎಂದು ಗೊತ್ತಾಗುತ್ತದೆ. ಕ್ರೆಡಿಟ್ ಕಾರ್ಡು, ಬಡ್ಡಿ ಸಾಲ, ದಿವಾಳಿ, ಸಾಲಗಾರರ ಕಾಟದಿಂದ ಪಾರಾಗಲು ಬೇರೊಬ್ಬಳ ಕುಟುಂಬ ನೋಂದಣಿಯನ್ನೇ ಕದಿಯುವುದು: ಮೂವತ್ತು ವರ್ಷ ಹಿಂದಿನ ಕಾದಂಬರಿಯಲ್ಲಿ ಬಾಂಬು ತೆರೆದ ಬಿರುಕನ್ನು ಇಲ್ಲಿ ಬ್ಯಾಂಕು ತೆರೆದಿದೆ. 2004ರಲ್ಲಿ ಮತ್ಸುಮೊಟೊನ ಆಯ್ದ ಕತೆಗಳ ಮೂರು ಸಂಪುಟಗಳನ್ನು ಸಂಪಾದಿಸಿದವಳೂ ಮಿಯಾಬೆಯೇ ಎಂಬುದು ಆಕಸ್ಮಿಕವಲ್ಲ. ಕಿರಿನೊ ನಾತ್ಸುಒ 'ಔಟ್' (1997) ಕಾದಂಬರಿಯಲ್ಲಿ ಊಟದ ಡಬ್ಬಿ ತುಂಬುವ ಕಾರ್ಖಾನೆಯ ರಾತ್ರಿಪಾಳಿಯ ಹೆಂಗಸರನ್ನು ಕೊಲೆಯ ಸುತ್ತ ನಿಲ್ಲಿಸಿದಳು. ಅವರು ಹೆಣ ವಿಲೇವಾರಿ ಮಾಡುವ ಚುರುಕು ಅಸೆಂಬ್ಲಿ ಸಾಲಿನ ಕೆಲಸದಿಂದಲೇ ಬಂದದ್ದು. ಇಂಗ್ಲಿಷ್ ಅನುವಾದದಲ್ಲಿ ಅದು 2004ರಲ್ಲಿ ಅಮೆರಿಕದ ಎಡ್ಗರ್ ಪ್ರಶಸ್ತಿಯ ಅಂತಿಮ ಸುತ್ತಿಗೆ ಹೋಯಿತು. ತಕಾಮುರಾ ಕಾಓರುವಿನ 'ಲೇಡಿ ಜೋಕರ್' (1997) 1984-85ರಲ್ಲಿ ಗ್ಲಿಕೊ, ಮೊರಿನಾಗಾ ಎಂಬ ಕಂಪನಿಗಳನ್ನು ಬೆದರಿಸಿದ ಸುಲಿಗೆ ಪ್ರಕರಣವನ್ನು ಆಧರಿಸಿ ಒಂದು ಬಿಯರ್ ಕಂಪನಿಯ ಒಳಗನ್ನೆಲ್ಲ ಬಗೆದಿಟ್ಟಿತು. ಅದರ ಗಾತ್ರ ತಾಳ್ಮೆ ಬೇಡುತ್ತದೆ.

ಎಂಜಿನಿಯರಾಗಿದ್ದು ಲೇಖಕನಾದ ಹಿಗಾಶಿನೊ ಕೇಗೊ ಒಗಟು ಮತ್ತು ಸಮಾಜ ಎಂಬ ಎರಡು ಪಕ್ಷಗಳ ನಡುವೆ ಸುಲಭವಾಗಿ ಓಡಾಡುತ್ತಾನೆ. ಎಡೊಗಾವಾ ರಾಂಪೊ ಪ್ರಶಸ್ತಿ (1985) ಅವನನ್ನು ಕ್ಷೇತ್ರಕ್ಕೆ ತಂದಿತು. 'ಶಂಕಿತ ಎಕ್ಸ್‌ನ ಸಮರ್ಪಣೆ'ಗೆ 2006ರಲ್ಲಿ ನಾಒಕಿ ಪ್ರಶಸ್ತಿಯೂ ಹೊಂಕಾಕು ಲೇಖಕರ ಬಹುಮಾನವೂ ಬಂದವು. ಇದು ಹೊಂಕಾಕು ಹೌದೇ ಅಲ್ಲವೇ, ಓದುಗನಿಗೆ ಸುಳಿವುಗಳನ್ನು ನ್ಯಾಯವಾಗಿ ಕೊಡಲಾಗಿದೆಯೇ ಎಂಬ ಬಗ್ಗೆ ದೊಡ್ಡ ವಾಗ್ವಾದವೇ ಎದ್ದಿತು. ಕನ್ನಡಿಗರಿಗೆ ಈ ಕಾದಂಬರಿಯ ಹೆಸರು ಪರಿಚಿತವಾದದ್ದು 'ದೃಶ್ಯಂ' ಮಲಯಾಳಂ ಚಿತ್ರ ಅದಕ್ಕೆ ಋಣಿಯೆಂಬ ವಿವಾದದಿಂದ. ನಿರ್ದೇಶಕರು ಅದನ್ನು ಅಲ್ಲಗಳೆದರು, ಕತೆ 2014ರಲ್ಲಿ ರವಿಚಂದ್ರನ್ ಅವರ 'ದೃಶ್ಯ'ವಾಗಿ ನಮ್ಮಲ್ಲಿಗೂ ಬಂತು. ಹೊಂಕಾಕು ಕುರಿತ ಆ ವಾಗ್ವಾದದಲ್ಲಿ ನನಗೆ ಕುತೂಹಲ ಹುಟ್ಟಿಸುವುದು ಬೇರೆ ಸಂಗತಿ. ಕಾದಂಬರಿಯಲ್ಲಿ ಕೊಲೆಯನ್ನು ಮುಚ್ಚಿಡುವ ಗಣಿತಜ್ಞನ ಉಪಾಯ ನಿಲ್ಲಬೇಕಾದರೆ ನದಿಯ ದಂಡೆಯಲ್ಲಿ ನೀಲಿ ಹಾಳೆಯ ಗುಡಿಸಲುಗಳಲ್ಲಿ ವಾಸಿಸುವ, ಇಲ್ಲವಾದರೂ ಯಾರೂ ಕೇಳದ ಮನುಷ್ಯರು ಇರಬೇಕು. ಒಗಟು ಇಷ್ಟು ಅಚ್ಚುಕಟ್ಟಾಗಿ ಕೂಡಿಬರುವುದೇ ಯಾವ ಪಟ್ಟಿಯಲ್ಲೂ ಲೆಕ್ಕಕ್ಕೆ ಬರದ ಜನರಿಂದ. ಹಿಗಾಶಿನೊ ಆ ಜನರ ಬಗ್ಗೆ ಸಾಕಷ್ಟು ಯೋಚಿಸಿದನೇ ಎಂಬುದು ನನ್ನ ತಕರಾರು. ಮತ್ಸುಮೊಟೊನಾಗಿದ್ದರೆ ಸತ್ತವನ ಊರಿಗೆ ಒಬ್ಬ ಪತ್ತೇದಾರನನ್ನು ರೈಲಿನಲ್ಲಿ ಕಳಿಸುತ್ತಿದ್ದ.

ಮತ್ಸುಮೊಟೊ 1992ರ ಆಗಸ್ಟಿನಲ್ಲಿ ತೀರಿಕೊಂಡ. ಅವನ ಹೆಸರಿನ ಪ್ರಶಸ್ತಿಯನ್ನು 1998ರಲ್ಲಿ ಪಡೆದವನು ಗುನ್ಮಾ ಪ್ರಾಂತದಲ್ಲಿ ಪತ್ರಕರ್ತನಾಗಿದ್ದ ಯೊಕೊಯಾಮಾ ಹಿದೆಒ. ಅವನ ಪೊಲೀಸರು ಕೊಲೆಗಾರರಿಗಿಂತ ಹೆಚ್ಚಾಗಿ ಬಡ್ತಿ, ವರ್ಗಾವಣೆ, ಕಡತಗಳ ಜೊತೆ ಗುದ್ದಾಡುವವರು. 2012ರ '64' ಕಾದಂಬರಿಯ ಹೆಸರು ಚಕ್ರವರ್ತಿಯ ಆಳ್ವಿಕೆಯಿಂದ ಎಣಿಸುವ ಶೋವಾ ಶಕೆಯ, ಏಳೇ ದಿನ ಬಾಳಿದ 64ನೇ ವರ್ಷವನ್ನು ಸೂಚಿಸುತ್ತದೆ; 1989ರ ಜನವರಿಯ ಆ ವಾರದಲ್ಲಿ ಚಕ್ರವರ್ತಿಯ ಸಾವಿನ ಸುದ್ದಿಯಡಿ ಮಗುವೊಂದರ ಅಪಹರಣ ಮತ್ತು ಕೊಲೆ ಹೂತುಹೋಗಿತ್ತು. ಪೊಲೀಸರು ತಮ್ಮ ತಪ್ಪನ್ನು ಮುಚ್ಚಿಟ್ಟ ಮೇಲೆ ಮಗುವಿನ ತಂದೆ ಹಿಡಿದ ದಾರಿ ದೂರವಾಣಿ ಡೈರೆಕ್ಟರಿಯದು: ಮೊದಲ ಅಕ್ಷರದಿಂದ ಹಿಡಿದು ಒಂದೊಂದೇ ಸಂಖ್ಯೆಗೆ ಕರೆಮಾಡಿ, ಅಪಹರಣಕಾರನ ಧ್ವನಿ ಕೇಳಿಸುವವರೆಗೂ ಅವನು ಬಿಡುವುದಿಲ್ಲ. ಒಗಟು ಬಿಡಿಸುವ ಈ ಉಪಾಯದಲ್ಲಿ ತಂತ್ರವೇನಿಲ್ಲ. ಒಂದು ಸಾರ್ವಜನಿಕ ಪುಸ್ತಕವಿದೆ, ಹದಿನಾಲ್ಕು ವರ್ಷವಿದೆ. ಜಪಾನಿನ ಹೊರಗಿನ ಓದುಗರು ಮಾತ್ರ ಈಗ ಹೆಚ್ಚಾಗಿ ಒಗಟಿನ ಧಾರೆಯ ಕಡೆಗೆ ವಾಲಿದ್ದಾರೆ. 2015ರಿಂದೀಚೆಗೆ ಪುಷ್ಕಿನ್ ವರ್ಟಿಗೊ ಪ್ರಕಾಶನ ಶಿಮಾದಾ, ಯೊಕೊಮಿಝೊ, ಅಯಾತ್ಸುಜಿಯರನ್ನು ಇಂಗ್ಲಿಷಿಗೆ ಸಾಲಾಗಿ ತಂದಿದೆ. 'ಬಿಂದುಗಳು ಮತ್ತು ಗೆರೆಗಳು' 1970ರ ಅನುವಾದದ ನಂತರ ಮತ್ತೆ ಹೊಸದಾಗಿ ಬರಲು 2022ರವರೆಗೆ ಕಾಯಬೇಕಾಯಿತು. ಮುಚ್ಚಿದ ಕೋಣೆ ಯಾವ ದೇಶದಲ್ಲೂ ಮುಚ್ಚಿದ ಕೋಣೆಯೇ. ಸುಟ್ಟುಹೋದ ನೋಂದಣಿ ಪುಸ್ತಕದಿಂದ ಒಬ್ಬ ಮನುಷ್ಯನಿಗೆ ಏನು ಸಿಕ್ಕಿತು ಎಂಬುದನ್ನು ತಿಳಿಯಲು ಆ ಪುಸ್ತಕ ಸುಡದಿದ್ದರೆ ಅವನಿಗೆ ಏನಾಗುತ್ತಿತ್ತು ಎಂಬುದು ಗೊತ್ತಿರಬೇಕಾಗುತ್ತದೆ.